ಶಿಸ್ತಿನ ಸೇವಕ ಡಾ. ನಾ. ಸು. ಹರ್ಡೀಕರ

ನಾಲ್ಕು ವರುಷಕ್ಕೊಮ್ಮೆ ಅಮೇರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಿತೆಂದರೆ ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಪ್ರಶ್ನೆಗಳ ಮಳೆಯೇ ಸುರಿಯುತ್ತದೆ. ಹೆಚ್ಚು ಜನರ ಮತ ಪಡೆದವನು ಸೋತು ಕಡಿಮೆ ಮತ ಪಡೆದವನು ಗೆಲ್ಲುವುದೆಂತು? ಅಷ್ಟು ಅಧಿಕಾರವುಳ್ಳ ಅಧ್ಯಕ್ಷನ ಕೈಯನ್ನು ಕಾಯದೆ ಹೇಗೆ ಹಿಡಿದೀತು? ಖಾನಾಪುರದಿಂದ ಮುಂಜಾನೆಯ ಗಾಡಿಗೆ ಬರುವ ಹುಡುಗರಲ್ಲಿ ಈ ವಾದ ದೇಸೂರು ದಾಟುವ ಮೊದಲೇ ಕಾವೇರಿರುತ್ತದೆ. ಆದರೆ ಗಾಡಿ ಟಿಳಕವಾಡಿಯ ಗೇಟುಗಳನ್ನು ಹಾಯುವಾಗ ಹೊರಗೆ ನೋಡುವವರು ಕಡಿಮೆ. ಆ ಬಯಲಿನಲ್ಲಿಯೇ 1924ರಲ್ಲಿ ವಿಜಯನಗರವೆಂಬ ಹೆಸರಿನ ಕಾಂಗ್ರೆಸ್ ನಗರ ಎದ್ದಿತ್ತು. ಅಲ್ಲಿ ನೆರೆದವರ ನೀರಡಿಕೆಗಾಗಿ ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಪ್ರಸಿದ್ಧವಾಗಿದೆ.

ಅಮೇರಿಕದ ಚುನಾವಣೆಗೂ ಬೆಳಗಾವಿಯ ಬಾವಿಗೂ ಎತ್ತಣಿಂದೆತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ಕಲ್ಪಿಸಿದವರು ಒಬ್ಬರಿದ್ದರು. ಅಮೇರಿಕದಲ್ಲಿ ಸುಮಾರು ಎಂಟು ವರುಷ ಇದ್ದು, ಅಲ್ಲಿಯ ರಾಜಕಾರಣವನ್ನು ಕಣ್ಣಾರೆ ಕಂಡು, ತಾಯ್ನಾಡಿಗೆ ಮರಳಿ, ಈ ಬಯಲಿನಲ್ಲಿ ಸ್ವಯಂಸೇವಕರ ಪಡೆಯನ್ನು ನಿಲ್ಲಿಸಿದವರು. ಅವರೇ ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು.

ಹರ್ಡೀಕರರು ಹುಟ್ಟಿದ್ದು 1889ನೆಯ ಇಸವಿ ಮೇ 7ರಂದು, ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ. ಅವರ ತಾರುಣ್ಯ ಬಂಗಾಲದ ವಿಭಜನೆಯ ಕಾಲ, ಸ್ವದೇಶಿಯ ಕಾಲ. ಲೋಕಮಾನ್ಯ ಟಿಳಕರ ಹೆಸರು ನಮ್ಮ ಭಾಗದ ಮನೆಮನೆಯಲ್ಲಿ ಮೊಳಗುತ್ತಿತ್ತು. ಈ ಹುಡುಗನೂ ಆ ಗಾಳಿಯಲ್ಲಿಯೇ ಬೆಳೆದನು. ವೈದ್ಯಕೀಯ ಕಲಿಯಲು ಕಲಕತ್ತೆಗೆ ಹೋದರು. ಅದು ಮುಗಿದ ಮೇಲೆ 1913ರ ಸುಮಾರಿಗೆ ಸಮುದ್ರ ದಾಟಿ ಅಮೇರಿಕಕ್ಕೆ ತೆರಳಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿದರು. ಒಬ್ಬ ರೋಗಿಗೆ ಔಷಧ ಕೊಡುವುದಕ್ಕಿಂತ ಒಂದು ಊರಿಗೆ ಊರೇ ರೋಗಕ್ಕೆ ಬೀಳದಂತೆ ನೋಡಿಕೊಳ್ಳುವ ವಿದ್ಯೆಯದು. ಅವರ ಮುಂದಿನ ಬಾಳೆಲ್ಲ ಈ ವಿದ್ಯೆಯ ವಿಸ್ತಾರವೆಂದರೆ ತಪ್ಪಾಗಲಾರದು.

ಆ ಎಂಟು ವರುಷಗಳು ಅಮೇರಿಕದ ರಾಜಕಾರಣದಲ್ಲಿ ಬಹು ದೊಡ್ಡ ವರುಷಗಳು. 1913ರಲ್ಲಿಯೇ ಅಲ್ಲಿಯ ಘಟನೆಗೆ ಹದಿನೇಳನೆಯ ತಿದ್ದುಪಡಿಯಾಗಿ, ಅದುವರೆಗೆ ಸಂಸ್ಥಾನಗಳ ಶಾಸನಸಭೆಗಳು ಆರಿಸುತ್ತಿದ್ದ ಸೆನೆಟರರನ್ನು ಜನರೇ ನೇರವಾಗಿ ಆರಿಸುವಂತಾಯಿತು. 1916ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಲ್ಸನರಿಗೆ 277, ಹ್ಯೂಸರಿಗೆ 254 ನಿರ್ವಾಚಕ ಮತಗಳು ಬಂದವು. ಕ್ಯಾಲಿಫೋರ್ನಿಯಾ ಒಂದೇ ಸಂಸ್ಥಾನ ಅತ್ತ ವಾಲಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು. ಅಲ್ಲಿಯ ಅಂತರ ನಾಲ್ಕು ಸಾವಿರ ಮತಗಳಿಗಿಂತ ಕಡಿಮೆ. ನಮ್ಮ ಹುಡುಗರು ಕೇಳುವ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಅಮೇರಿಕದ ಮತದಾರನು ಅಧ್ಯಕ್ಷನನ್ನು ನೇರವಾಗಿ ಆರಿಸುವುದಿಲ್ಲ. ತನ್ನ ಸಂಸ್ಥಾನದ ನಿರ್ವಾಚಕರನ್ನು ಆರಿಸುತ್ತಾನೆ. ಬಹುತೇಕ ಸಂಸ್ಥಾನಗಳಲ್ಲಿ ಒಂದು ಮತ ಹೆಚ್ಚು ಪಡೆದ ಪಕ್ಷಕ್ಕೆ ಅಲ್ಲಿಯ ನಿರ್ವಾಚಕರೆಲ್ಲರೂ ದಕ್ಕುತ್ತಾರೆ. ಆದ್ದರಿಂದ 1876, 1888, 2000 ಮತ್ತು 2016ರಲ್ಲಿ ದೇಶದಲ್ಲೆಲ್ಲ ಕಡಿಮೆ ಮತ ಪಡೆದವರೇ ಗದ್ದುಗೆಯೇರಿದರು. 1920ರಲ್ಲಿ ಹತ್ತೊಂಬತ್ತನೆಯ ತಿದ್ದುಪಡಿಯಿಂದ ದೇಶದಾದ್ಯಂತ ಸ್ತ್ರೀಯರಿಗೆ ಮತದ ಹಕ್ಕು ಬಂದು, ಆ ವರುಷವೇ ಅವರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದರು. ಇದೆಲ್ಲ ನಡೆಯುವಾಗ ತಿಡಗುಂದಿಯ ತರುಣನು ಅದೇ ನೆಲದ ಮೇಲಿದ್ದನು.

ಆದರೆ ಆ ನಾಡಿನ ಕಾಯದೆಗೆ ಇನ್ನೊಂದು ಮುಖವೂ ಇತ್ತು. 1917ರ ವಲಸೆ ಕಾಯದೆಯು ಹಿಂದುಸ್ತಾನವೂ ಸೇರಿ ಏಶಿಯದ ಬಹುಭಾಗದ ಜನರಿಗೆ ಅಮೇರಿಕದ ಬಾಗಿಲನ್ನು ಮುಚ್ಚಿತು. ಅದೇ ವರುಷದ ಕೊನೆಗೆ ಸಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ ಮೊಕದ್ದಮೆ ಆರಂಭವಾಯಿತು. ಅದು ಮುಗಿಯುವ ಹೊತ್ತಿಗೆ, 1918ರ ಏಪ್ರಿಲಿನಲ್ಲಿ, ನ್ಯಾಯಾಲಯದೊಳಗೆಯೇ ಗುಂಡು ಹಾರಿ ಆರೋಪಿಗಳಲ್ಲಿ ಇಬ್ಬರು ಸತ್ತರು. ಪರದೇಶದಲ್ಲಿದ್ದ ಹಿಂದೀ ತರುಣನ ಮುಂದೆ ಆಗ ಎರಡು ದಾರಿಗಳಿದ್ದವು. ಒಂದು ಗುಪ್ತವಾಗಿ ಆಯುಧ ಕೂಡಿಸುವುದು. ಇನ್ನೊಂದು ಬಹಿರಂಗವಾಗಿ ಜನಾಭಿಪ್ರಾಯ ಕೂಡಿಸುವುದು.

ಹರ್ಡೀಕರರು ಎರಡನೆಯದನ್ನು ಹಿಡಿದರು. ಆಗ ಲಾಲಾ ಲಜಪತರಾಯರು ಅಮೇರಿಕದಲ್ಲಿದ್ದರು. 1916ರ ಏಪ್ರಿಲಿನಲ್ಲಿ ಟಿಳಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದು ನಮ್ಮ ಬೆಳಗಾವಿಯಲ್ಲಿಯೇ. ಮರುವರುಷದ ಅಕ್ಟೋಬರದಲ್ಲಿ ಲಾಲಾಜಿಯವರು ನ್ಯೂಯಾರ್ಕಿನಲ್ಲಿ ಅದೇ ಹೆಸರಿನ ಸಂಸ್ಥೆಯೊಂದನ್ನು ಕಟ್ಟಿದರು. ಹರ್ಡೀಕರರು ಅದರ ಕಾರ್ಯದರ್ಶಿಯಾಗಿ ದುಡಿದರು. ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆ 1918ರ ಜನವರಿಯಿಂದ ಹೊರಟಿತು. ಊರೂರು ತಿರುಗಿ ಉಪನ್ಯಾಸ ಕೊಡುವುದು, ಸದಸ್ಯರನ್ನು ಕೂಡಿಸುವುದು, ಪತ್ರಗಳಿಗೆ ಉತ್ತರ ಬರೆಯುವುದು: ಹೆಸರು ತಾರದ ಈ ಕೆಲಸಗಳು ಅವರ ಪಾಲಿಗೆ ಬಂದವು. 1919ರ ಆಗಸ್ಟಿನಲ್ಲಿ ಸೆನೆಟಿನ ವಿದೇಶಾಂಗ ಸಮಿತಿಯ ಮುಂದೆ ಹಿಂದುಸ್ತಾನದ ಪರವಾಗಿ ಡಡ್ಲಿ ಫೀಲ್ಡ್ ಮಲೋನ್ ಎಂಬ ವಕೀಲರು ವಾದಿಸಿದರು. ವಿಲ್ಸನರು ಸಹಿ ಮಾಡಿ ತಂದ ವರ್ಸೇಲ್ಸ್ ಒಪ್ಪಂದವನ್ನು ಸೆನೆಟು ಒಪ್ಪಲಿಲ್ಲ. 1920ರ ಮಾರ್ಚಿನ ಕೊನೆಯ ಮತದಾನದಲ್ಲಿ ಪರವಾಗಿ 49, ವಿರೋಧವಾಗಿ 35 ಮತಗಳಿದ್ದರೂ ಮೂರರಲ್ಲಿ ಎರಡು ಪಾಲು ಆಗದೆ ಒಪ್ಪಂದ ಬಿದ್ದಿತು. ಅದು ಬಿದ್ದದ್ದು ಅವರ ಸ್ವಂತ ಕಾರಣಗಳಿಂದ, ನಮ್ಮ ಸಲುವಾಗಿ ಅಲ್ಲ. ಆದರೂ ಜಗತ್ತೇ ಕೊಂಡಾಡಿದ ಮುಖಂಡನನ್ನು ಅವನದೇ ದೇಶದ ಕಾಯದೆ ತಡೆದು ನಿಲ್ಲಿಸಬಲ್ಲದೆಂಬುದನ್ನು ನಮ್ಮವರು ನೋಡಿದರು.

1921ರಲ್ಲಿ ಡಾಕ್ಟರರು ತಾಯ್ನಾಡಿಗೆ ಮರಳಿದರು. ದವಾಖಾನೆ ತೆರೆದು ಹಣ ಗಳಿಸಬಹುದಾಗಿದ್ದ ವಯಸ್ಸು ಅದು. ಅವರು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾಮಂಡಳವನ್ನು ಕಟ್ಟಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ನಾಡಿನ ನಾನಾ ಕಡೆಯಿಂದ ಹೋದ ಎಷ್ಟೋ ಜನರು ತುರಂಗದ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಮಾತ್ರ ಬರೆದುಕೊಡಲಿಲ್ಲ. ಉತ್ಸಾಹ ಎಲ್ಲರಿಗೂ ಇತ್ತು, ಶಿಸ್ತು ಇವರಿಗೆ ಇತ್ತು, ವ್ಯತ್ಯಾಸವೆಂದರೆ ಇಷ್ಟೇ. ಇದು ರಾಷ್ಟ್ರದ ಮುಖಂಡರ ಕಣ್ಣಿಗೆ ಬಿದ್ದಿತು. ಅದೇ ವರುಷದ ಡಿಸೆಂಬರದಲ್ಲಿ ಕಾಕಿನಾಡದ ಅಧಿವೇಶನದಲ್ಲಿ ಹಿಂದುಸ್ತಾನೀ ಸೇವಾಮಂಡಳ ಹುಟ್ಟಿತು. ಮುಂದೆ ಅದೇ ಸೇವಾದಳವಾಯಿತು. ಜವಾಹರಲಾಲ ನೆಹರೂ ಅವರು ಅಧ್ಯಕ್ಷರು, ಕೆಲಸದ ಭಾರವೆಲ್ಲ ಹರ್ಡೀಕರರದು.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಎದ್ದಿತು. ಸಮವಸ್ತ್ರ, ಕವಾಯತು, ಅಪ್ಪಣೆಗೆ ಎದುರಾಡದ ವಿಧೇಯತೆ: ಇವೆಲ್ಲ ಸೈನ್ಯದ ಲಕ್ಷಣಗಳಲ್ಲವೆ? ಅಹಿಂಸೆಯ ವ್ರತ ತೊಟ್ಟ ಸಂಸ್ಥೆಗೆ ಇಂಥ ಪಡೆ ಸಲ್ಲುವುದೆ? ನಾಳೆ ಈ ಪಡೆಯೇ ಚುನಾಯಿತ ಸಮಿತಿಗಳ ತಲೆಯ ಮೇಲೆ ಕೂತರೆ ಹೇಗೆ? ಹೀಗೆ ಸಂಶಯಪಟ್ಟವರಲ್ಲಿ ಕಾಂಗ್ರೆಸ್ಸಿನ ಹಿರಿಯರೂ ಇದ್ದರು. ಈ ಸಂಶಯವನ್ನು ನಾವು ಹಗುರಾಗಿ ತಳ್ಳಿಹಾಕಬಾರದು. ಮುಂದಿನ ಹತ್ತು ಹದಿನೈದು ವರುಷಗಳಲ್ಲಿ ಯುರೋಪಿನಲ್ಲಿ ಬಣ್ಣ ಬಣ್ಣದ ಅಂಗಿ ತೊಟ್ಟ ಪಡೆಗಳು ಪ್ರಜಾಪ್ರಭುತ್ವಗಳನ್ನೇ ನುಂಗಿದವು. ಅಮೇರಿಕದ ಘಟನೆಯು ಈ ಅಪಾಯವನ್ನು ಮೊದಲೇ ಅರಿತು, ಜನರು ಆರಿಸಿದ ಅಧ್ಯಕ್ಷನನ್ನೇ ಸೈನ್ಯದ ಮುಖ್ಯ ದಂಡನಾಯಕನನ್ನಾಗಿ ಮಾಡಿದೆ. ಅದಕ್ಕೂ ಮೊದಲು, 1783ರಲ್ಲಿ, ಯುದ್ಧ ಗೆದ್ದ ವಾಷಿಂಗ್ಟನ್ನರು ತಮ್ಮ ಸೇನಾಧಿಕಾರವನ್ನು ಕಾಂಗ್ರೆಸ್ ಸಭೆಗೆ ತಾವಾಗಿಯೇ ಒಪ್ಪಿಸಿ ಮನೆಗೆ ಹೋಗಿದ್ದರು. ಕೈಯಲ್ಲಿ ಬಲವಿದ್ದವನು ಅದನ್ನು ಕೆಳಗಿಡಬಲ್ಲನೆ ಎಂಬುದೇ ನಿಜವಾದ ಪರೀಕ್ಷೆ. ಹರ್ಡೀಕರರಿಗೂ ಅಂಥ ಪರೀಕ್ಷೆ ಬರಲಿತ್ತು.

ಅದಕ್ಕೂ ಮುನ್ನ ಬೆಳಗಾವಿಯ ಅಧಿವೇಶನ ಬಂದಿತು. 1924ರ ನವಂಬರದಲ್ಲಿ ಅಮೇರಿಕದ ಜನರು ಕೂಲಿಜರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಡಿಸೆಂಬರ 26 ಮತ್ತು 27ರಂದು ಮಹಾತ್ಮಾ ಗಾಂಧಿಯವರು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ಅವರು ತಮ್ಮ ಬಾಳಿನಲ್ಲಿ ಆ ಪೀಠದಲ್ಲಿ ಕೂತದ್ದು ಅದೊಂದೇ ಸಲ. ಸ್ವಾಗತ ಸಮಿತಿಯ ಅಧ್ಯಕ್ಷರು ಹುದಲಿಯ ಗಂಗಾಧರರಾವ ದೇಶಪಾಂಡೆಯವರು. ಸ್ವಯಂಸೇವಕರ ಹೊಣೆ ಡಾಕ್ಟರ ಹರ್ಡೀಕರರದು. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕ ಸ್ತ್ರೀಯರನ್ನು ಸೇವೆಗೆ ಕೂಡಿಸಿ ತಂದರು. ಅವರಲ್ಲಿ ಮನೆಯ ಹೊಸ್ತಿಲು ದಾಟದಿದ್ದ ವಿಧವೆಯರೂ ಇದ್ದರು. ಸಾವಿರಾರು ಜನ ಕೂಡಿದಲ್ಲಿ ನೀರು, ಊಟ, ಕಸ, ಶೌಚ ಇವು ಭಾಷಣಗಳಿಗಿಂತ ದೊಡ್ಡ ಸಮಸ್ಯೆಗಳು. ಇಲ್ಲಿ ಡಾಕ್ಟರರ ಆರೋಗ್ಯಶಾಸ್ತ್ರವೂ ಶಿಸ್ತೂ ಕೈಕೂಡಿದವು. ಜಾತಿಯ ಹಮ್ಮನ್ನು ಬದಿಗಿಟ್ಟು ಸುಶಿಕ್ಷಿತ ತರುಣರು ಕಸಬರಿಗೆ ಹಿಡಿದರು. ಸ್ವರಾಜ್ಯವೆಂದರೆ ಬರಿಯ ಮತದ ಹಕ್ಕಲ್ಲ, ನಮ್ಮ ಅಂಗಳವನ್ನು ನಾವೇ ಗುಡಿಸುವುದೆಂಬ ಪಾಠವನ್ನು ಈ ಊರು ಅಂದು ಕಲಿಯಿತು.

ಮುಂದೆ ದಳ ನಾಡಿನಾದ್ಯಂತ ಹಬ್ಬಿತು. ತಿಂಗಳ ಕೊನೆಯ ರವಿವಾರ ಮುಂಜಾನೆ ರಾಷ್ಟ್ರಧ್ವಜವನ್ನು ಏರಿಸುವ ಪರಿಪಾಠವನ್ನು ದಳದವರೇ ಹಾಕಿದರು. 1931ರಲ್ಲಿ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ಸೇವಾದಳವನ್ನು ತನ್ನ ನೇರ ಅಧೀನಕ್ಕೆ ತೆಗೆದುಕೊಂಡು ಕಾಂಗ್ರೆಸ್ಸಿನ ಅಧಿಕೃತ ಸ್ವಯಂಸೇವಕ ಸಂಘಟನೆಯನ್ನಾಗಿ ಮಾಡಿತು. ತನ್ನ ಕೈಯಿಂದ ನೀರೆರೆದು ಬೆಳೆಸಿದ ಗಿಡವನ್ನು ಇನ್ನೊಬ್ಬರ ಹಿತ್ತಲಿಗೆ ಒಪ್ಪಿಸುವುದು ಸುಲಭವಲ್ಲ. ಅವರ ಮಾತಿಗೆ ಪ್ರಾಣ ಕೊಡುವ ತರುಣರಿದ್ದರು. ಬೇರೆ ನಿಲ್ಲಬೇಕೆಂದಿದ್ದರೆ ನಿಲ್ಲಬಹುದಾಗಿತ್ತು. ಅವರು ನಿಲ್ಲಲಿಲ್ಲ. ಸ್ವಯಂಸೇವಕನಿಗೆ ಹೇಳಿಕೊಟ್ಟ ವಿಧೇಯತೆಯನ್ನು ತಾವೇ ಪಾಲಿಸಿದರು. ಹಿರಿಯರ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಯಾವುದಿದ್ದೀತು?

1932ರಲ್ಲಿ ಸರಕಾರವು ದಳವನ್ನು ನಿಷೇಧಿಸಿತು. ಎರಡು ವರುಷದ ಮೇಲೆ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧ ಹೋದರೂ ದಳದ ಮೇಲಿನದು ಹೋಗಲಿಲ್ಲ. ಭಾಷಣಕಾರರಿಗಿಂತ ಸಾಲಾಗಿ ನಿಲ್ಲಬಲ್ಲ ತರುಣರಿಗೆ ಬ್ರಿಟಿಶರು ಹೆಚ್ಚು ಅಂಜಿದ್ದರೆಂಬುದು ಇದರಿಂದ ತಿಳಿಯುತ್ತದೆ. ಇತ್ತ ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ 1929ರಲ್ಲಿ ಡಾ. ಕೊಕಟನೂರ ಅವರ ಜೊತೆಗೂಡಿ ಆರಂಭಿಸಿದ ಕರ್ನಾಟಕ ಆರೋಗ್ಯಧಾಮವು ಬಡವರಿಗೆ ಆಸರೆಯಾಯಿತು.

ಸ್ವಾತಂತ್ರ್ಯದ ಬಳಿಕ, 1952ರಿಂದ 1962ರ ವರೆಗೆ, ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. ಅಮೇರಿಕವು 1913ರಲ್ಲಿ ಕೈಬಿಟ್ಟ ಪರೋಕ್ಷ ಚುನಾವಣೆಯ ಪದ್ಧತಿಯನ್ನು ನಮ್ಮ ಘಟನೆಯು ರಾಜ್ಯಸಭೆಗಾಗಿ ಉಳಿಸಿಕೊಂಡಿದೆ. ಎರಡನ್ನೂ ಬಲ್ಲವರು ಹರ್ಡೀಕರರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1975ರ ಆಗಸ್ಟ 26ರಂದು ಅವರು ಕಾಲವಾದರು. ಜನ್ಮ ಶತಮಾನೋತ್ಸವದ ವರುಷವಾದ 1989ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ವಿದ್ಯಾರ್ಥಿ ಮಿತ್ರರೆ, 2024ಕ್ಕೆ ಬೆಳಗಾವಿಯ ಅಧಿವೇಶನಕ್ಕೆ ನೂರು ವರುಷ ತುಂಬಿದವು. ಮುಖಂಡನನ್ನು ಆರಿಸುವ ರೀತಿ ದೇಶದೇಶಕ್ಕೆ ಬೇರೆ. ನಿರ್ವಾಚಕರ ಲೆಕ್ಕ ಸರಿಯೋ, ತಲೆಯೆಣಿಕೆ ಸರಿಯೋ ಎಂದು ವಾದಿಸಿರಿ, ಅದು ಒಳ್ಳೆಯದೇ. ಆದರೆ ಆಯ್ಕೆಯ ಮರುದಿನ ಸೋತವನು ಕಾಯದೆಗೆ ತಲೆಬಾಗುವನೆ, ಗೆದ್ದವನು ತನ್ನ ಬಲಕ್ಕೆ ಮೇರೆ ಹಾಕಿಕೊಳ್ಳುವನೆ ಎಂಬುದನ್ನೂ ಕೇಳಿರಿ. ನಾಳೆ ಗಾಡಿ ಟಿಳಕವಾಡಿಯ ಗೇಟಿಗೆ ಬಂದಾಗ ಒಂದು ಗಳಿಗೆ ವಾದ ನಿಲ್ಲಿಸಿ ಕಿಡಕಿಯಿಂದ ಹೊರಗೆ ನೋಡಿರಿ. ಬಲವನ್ನು ಕಟ್ಟಲೂ ಬಲ್ಲ, ಒಪ್ಪಿಸಲೂ ಬಲ್ಲ ಒಬ್ಬ ಡಾಕ್ಟರರು ಆ ಬಯಲಿನಲ್ಲಿ ನಿಮ್ಮ ವಯಸ್ಸಿನ ತರುಣರ ಕೈಗೆ ಕಸಬರಿಗೆ ಕೊಟ್ಟು ನಿಂತಿದ್ದರು.