ಇಳಿಜಾರಿನಲ್ಲಿ ಕೈಹಿಡಿಯುವ ನಿಯಮ: ಬ್ಲೇಸ್ ಪಾಸ್ಕಲನ ಬದುಕು ಮತ್ತು ನಮ್ಮ ಹಳೆಯ ಮೋಟಾರ್ ಸೈಕಲ್ಲಿನ ಬ್ರೇಕು

ಅರೇಹಳ್ಳಿ: ಬೇಲೂರು ತಾಲ್ಲೂಕಿನ ಈ ಹೋಬಳಿ ಕಾಫಿ ತೋಟಗಳ ಸೀಮೆ. ಏರಿಳಿತದ ರಸ್ತೆ, ಹೆಜ್ಜೆಗೊಂದು ತಿರುವು, ಮುಂಗಾರು ಬಂತೆಂದರೆ ಹಿಡಿದು ಸುರಿಯುವ ಮಳೆ. ಇಂಥ ದಾರಿಯಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ ಕೈಕೊಟ್ಟರೆ ಸವಾರ ಅದನ್ನು ತಳ್ಳಿಕೊಂಡಾದರೂ ಮನೆ ಸೇರಿಯಾನು. ಬ್ರೇಕ್ ಕೈಕೊಟ್ಟರೆ ಆ ಅವಕಾಶವೂ ಇಲ್ಲ. ಡಿಸ್ಕ್ ಬ್ರೇಕ್ ಇರುವ ಗಾಡಿಯಲ್ಲಿ ಬೆರಳುಗಳ ಅಲ್ಪ ಒತ್ತಡವು ಮುಂಚಕ್ರವನ್ನು ಹಿಡಿದು ನಿಲ್ಲಿಸುವ ಬಲವಾಗಿ ಮಾರ್ಪಡುವುದರ ಹಿಂದೆ ಹದಿನೇಳನೆಯ ಶತಮಾನದ ಫ್ರಾನ್ಸಿನ ಒಬ್ಬ ರೋಗಿಷ್ಠ ತರುಣನ ಚಿಂತನೆಯಿದೆ. ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಒಂದು ನಿಯಮವಾಗಿ ಮಾತ್ರ ನಮಗೆ ಪರಿಚಿತನಾದ ಬ್ಲೇಸ್ ಪಾಸ್ಕಲನ ಬದುಕು ಆ ನಿಯಮದಷ್ಟೇ ಮನನಯೋಗ್ಯವಾದುದು.

ತಾಯಿಯಿಲ್ಲದ ಬಾಲ್ಯ

ಪಾಸ್ಕಲ್ ಜನಿಸಿದ್ದು 1623ರ ಜೂನ್ 19ರಂದು, ಮಧ್ಯ ಫ್ರಾನ್ಸಿನ ಕ್ಲೆರ್ಮೋಂ ಪಟ್ಟಣದಲ್ಲಿ. ತಂದೆ ಎಟಿಯೆನ್ ತೆರಿಗೆಗೆ ಸಂಬಂಧಿಸಿದ ನ್ಯಾಯಾಧಿಕಾರಿ, ಗಣಿತದಲ್ಲಿಯೂ ಪರಿಣತ. ಮಗು ಮೂರು ವರ್ಷದ್ದಾಗಿದ್ದಾಗಲೇ ತಾಯಿ ತೀರಿಕೊಂಡಳು. ಅಕ್ಕ ಜಿಲ್ಬೆರ್ತ್ ಮತ್ತು ತಂಗಿ ಜಾಕ್ಲಿನ್ ನಡುವೆ ಬೆಳೆದ ಹುಡುಗನನ್ನು ತಂದೆ ಯಾವ ಶಾಲೆಗೂ ಕಳುಹಿಸಲಿಲ್ಲ. 1631ರಲ್ಲಿ ಕುಟುಂಬವನ್ನು ಪ್ಯಾರಿಸ್ಸಿಗೆ ಕರೆತಂದು ತಾನೇ ಪಾಠ ಹೇಳಿದ. ಭಾಷೆಗಳು ಮೊದಲು ಕೈವಶವಾಗಲೆಂದು ಗಣಿತದ ಪುಸ್ತಕಗಳನ್ನು ಮಗನ ಕಣ್ಣಿಗೆ ಬೀಳದಂತೆ ಇರಿಸಿದ್ದ. ಆದರೆ ಹನ್ನೆರಡರ ಪ್ರಾಯದ ಬಾಲಕ ನೆಲದ ಮೇಲೆ ಇದ್ದಿಲಿನಿಂದ ಗೆರೆಗಳನ್ನೆಳೆದು ರೇಖಾಗಣಿತವನ್ನು ತಾನೇ ಕಂಡುಕೊಳ್ಳತೊಡಗಿದ್ದನೆಂದು ಅಕ್ಕ ಜಿಲ್ಬೆರ್ತ್ ಬರೆದ ಜೀವನಚರಿತ್ರೆ ತಿಳಿಸುತ್ತದೆ. ಹದಿನಾರರ ಹರೆಯದಲ್ಲಿ ಶಂಕುಚ್ಛೇದಗಳ ಕುರಿತು ಆತ ಬರೆದ ಕಿರುಪ್ರಬಂಧ ಪ್ಯಾರಿಸ್ಸಿನ ವಿದ್ವಾಂಸರನ್ನು ಬೆರಗುಗೊಳಿಸಿತು.

ಮುಂದೆ ತಂದೆಗೆ ರುವಾಂ ನಗರದಲ್ಲಿ ತೆರಿಗೆ ನಿಗದಿಯ ಕೆಲಸ ಬಂತು. ರಾತ್ರಿಯಿಡೀ ಕೂಡು ಕಳೆಯುವ ಲೆಕ್ಕದಲ್ಲಿ ಬಸವಳಿಯುತ್ತಿದ್ದ ತಂದೆಯ ನೆರವಿಗಾಗಿ ಮಗ 1642ರಲ್ಲಿ ಲೆಕ್ಕ ಮಾಡುವ ಯಂತ್ರವೊಂದರ ರಚನೆಗೆ ತೊಡಗಿದ. ಲೋಹದ ಹಲ್ಲುಚಕ್ರಗಳ ಈ ಯಂತ್ರ ತೃಪ್ತಿಕರ ರೂಪಕ್ಕೆ ಬರುವ ಮುನ್ನ ಸುಮಾರು ಐವತ್ತು ಮಾದರಿಗಳು ತಯಾರಾದವು. ಈ ನಡುವೆ ನಡೆದ ಒಂದು ಪ್ರಸಂಗವನ್ನು ಇಂದಿನ ವಾಹನ ಮಾಲೀಕರೂ ಗಮನಿಸಬೇಕು. ರುವಾಂನ ಗಡಿಯಾರ ತಯಾರಕನೊಬ್ಬ ಯಂತ್ರದ ಸುದ್ದಿ ಕೇಳಿ ನಕಲಿಯೊಂದನ್ನು ಮಾಡಿಬಿಟ್ಟ. ಹೊರನೋಟಕ್ಕೆ ಅದು ಹೊಳೆಹೊಳೆಯುತ್ತಿತ್ತು. ಒಳಗೆ ಯಾವ ಭಾಗವೂ ಅಳತೆಗೆ ಸರಿಯಿರಲಿಲ್ಲ. ಮನನೊಂದ ಪಾಸ್ಕಲ್ ಕೆಲಸಗಾರರನ್ನೇ ಬಿಡಿಸಿಬಿಟ್ಟ. ರಾಜ್ಯದ ಮಹಾಮಂತ್ರಿ ಸೆಗಿಯೆ ಪ್ರೋತ್ಸಾಹಿಸಿದ ಮೇಲೆಯೇ ಕೆಲಸ ಮತ್ತೆ ಮುಂದುವರಿದದ್ದು.

ಬೆಟ್ಟದ ತುದಿಯ ಪಾದರಸ

ಇಟಲಿಯ ಟೊರಿಚೆಲಿ ಪಾದರಸದ ಕೊಳವೆಯಿಂದ ನಡೆಸಿದ ಪ್ರಯೋಗದ ಸುದ್ದಿ 1646ರಲ್ಲಿ ಪಾಸ್ಕಲನನ್ನು ತಲುಪಿತು. ಕೊಳವೆಯಲ್ಲಿ ಪಾದರಸವನ್ನು ಎತ್ತಿಹಿಡಿದಿರುವುದು ಹೊರಗಿನ ಗಾಳಿಯ ಭಾರವಾದರೆ, ಎತ್ತರದ ಬೆಟ್ಟದ ಮೇಲೆ ಪಾದರಸದ ಮಟ್ಟ ಇಳಿಯಲೇಬೇಕೆಂದು ಆತ ತರ್ಕಿಸಿದ. ಪ್ಯಾರಿಸ್ಸಿನಲ್ಲಿದ್ದ ಆತನ ಕೋರಿಕೆಯಂತೆ ಭಾವ ಪೆರಿಯೆ, 1648ರ ಸೆಪ್ಟೆಂಬರ್ 19ರಂದು ಕ್ಲೆರ್ಮೋಂ ಬಳಿಯ ಪುಯ್ ದ ಡೋಮ್ ಬೆಟ್ಟವನ್ನೇರಿದ. ನಮ್ಮ ನೆರೆಯ ಮುಳ್ಳಯ್ಯನಗಿರಿಗಿಂತ ಗಿಡ್ಡವಾದ, ಸುಮಾರು 1465 ಮೀಟರ್ ಎತ್ತರದ ಬೆಟ್ಟವದು. ತುದಿಯಲ್ಲಿ ಪಾದರಸ ಮೂರು ಅಂಗುಲಕ್ಕೂ ಮಿಗಿಲಾಗಿ ಇಳಿದಿತ್ತು. ವಾಯುವಿಗೆ ಭಾರವಿದೆಯೆಂಬುದು ಹೀಗೆ ಸಂಶಯಾತೀತವಾಗಿ ಸ್ಥಿರಪಟ್ಟಿತು.

ಈ ದಾರಿಯಲ್ಲೇ ಮುಂದುವರಿದ ಆತ ದ್ರವಗಳ ಸಮತೋಲನ ಕುರಿತು ಗ್ರಂಥವೊಂದನ್ನು ರಚಿಸಿದ. ಅದು ಬೆಳಕು ಕಂಡದ್ದು 1663ರಲ್ಲಿ, ಆತ ತೀರಿಕೊಂಡ ಮರುವರ್ಷ. ಅದರ ಸಾರವಿಷ್ಟು: ನೀರು ತುಂಬಿ ಎಲ್ಲ ಕಡೆ ಮುಚ್ಚಿದ ಪಾತ್ರೆಗೆ ಎರಡೇ ಬಾಯಿಗಳಿರಲಿ, ಒಂದು ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದಿರಲಿ. ಎರಡಕ್ಕೂ ಬಿಗಿಯಾದ ಪಿಸ್ಟನ್ ಕೂರಿಸಿದರೆ, ಸಣ್ಣ ಬಾಯಲ್ಲಿ ಒತ್ತುವ ಒಬ್ಬನ ಬಲ ದೊಡ್ಡ ಬಾಯಲ್ಲಿ ಒತ್ತುವ ನೂರು ಜನರ ಬಲಕ್ಕೆ ಸಾಟಿಯಾಗುತ್ತದೆ. ಒತ್ತಡವು ದ್ರವದ ಮೂಲೆಮೂಲೆಗೂ ಸಮನಾಗಿ ಹರಡುವುದೇ ಇದಕ್ಕೆ ಕಾರಣ. ಆದರೆ ಈ ಲಾಭ ಪುಕ್ಕಟೆಯಲ್ಲ. ದೊಡ್ಡ ಪಿಸ್ಟನ್ ಒಂದು ಅಂಗುಲ ಸರಿಯಬೇಕಾದರೆ ಸಣ್ಣದು ನೂರು ಅಂಗುಲ ಸರಿಯಬೇಕೆಂಬುದನ್ನೂ ಆತ ಗುರುತಿಸಿದ್ದ.

ಕೇಬಲ್ಲಿನಿಂದ ದ್ರವಕ್ಕೆ

ಈ ತತ್ವವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅಮೆರಿಕದ ಮಾಲ್ಕಂ ಲಾಕ್‌ಹೀಡ್ 1917ರಲ್ಲಿ ಅದನ್ನು ವಾಹನದ ಬ್ರೇಕಿಗೆ ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೋಟಾರ್ ಸೈಕಲ್ಲುಗಳಲ್ಲಿ ದ್ರವಚಾಲಿತ ಡಿಸ್ಕ್ ಬ್ರೇಕನ್ನು ವ್ಯಾಪಕವಾಗಿ ಜನಪ್ರಿಯಗೊಳಿಸಿದ್ದು 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ 750.

ನಮ್ಮ ನಾಡಿಗೆ ಅದು ತಡವಾಗಿ ಬಂತು. 1961ರಲ್ಲಿ ಆರಂಭವಾಗಿ 1996ರವರೆಗೆ ನಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳ ಬ್ರೇಕುಗಳು ಡ್ರಮ್ಮಿನವು. ಬ್ರೇಕ್ ಶೂಗಳನ್ನು ಚಲಿಸುತ್ತಿದ್ದದ್ದು ದ್ರವವಲ್ಲ, ಕೇಬಲ್ ಇಲ್ಲವೇ ಸರಳು. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಝಡ್ ಮತ್ತು ಅದರ ಬೆನ್ನಿಗೆ ಬಂದ ಗಾಡಿಗಳ ಮೂಲಕ ಮುಂಚಕ್ರದ ಡಿಸ್ಕ್ ಬ್ರೇಕ್ ಮಲೆನಾಡಿನ ಹಳ್ಳಿಗಳನ್ನೂ ತಲುಪಿತು. ಆ ಗಾಡಿಗಳಿಗೆ ಈಗ ಇಪ್ಪತ್ತರ ಮೇಲೆ ವಯಸ್ಸಾಗಿದೆ.

ಉದಾಹರಣೆಗೆ, ಹಿಡಿಯ ಬಳಿಯಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ 12 ಮಿಲಿಮೀಟರ್, ಚಕ್ರದ ಬಳಿಯ ಕ್ಯಾಲಿಪರ್ ಪಿಸ್ಟನ್ 30 ಮಿಲಿಮೀಟರ್ ಅಗಲವೆನ್ನೋಣ. ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಎರಡನೆಯದು ಆರೂಕಾಲು ಪಟ್ಟು ದೊಡ್ಡದು; ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಆದರೆ ಇದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಪಾತ್ರೆ ಸೋರಬಾರದು, ಹಿಗ್ಗಬಾರದು, ಒಳಗೆ ದ್ರವವಲ್ಲದೆ ಗಾಳಿ ಇರಬಾರದು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿಯ ಗುಳ್ಳೆ ಸೇರಿತೆಂದರೆ ಬೆರಳಿನ ಒತ್ತಡ ಅದನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ, ಬ್ರೇಕಿನ ಹಿಡಿ ಮೆತ್ತಗಾಗುತ್ತದೆ.

ಹಳೆಯ ಗಾಡಿಯಲ್ಲಿ ಈ ಷರತ್ತು ಮೊದಲು ಮುರಿಯುವುದು ರಬ್ಬರ್ ಹೋಸಿನಲ್ಲಿ. ಹೊರಗೆ ಸೀಳು ಬಿಡುವ ಹೋಸು ಕಣ್ಣಿಗೆ ಕಾಣುತ್ತದೆ. ಒತ್ತಿದಾಗ ಉಬ್ಬುವ, ಒಳಗೇ ಊದಿಕೊಂಡು ದಾರಿ ಕಟ್ಟುವ ಹೋಸು ಕಾಣುವುದಿಲ್ಲ. ಹಿಡಿ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಉಳಿದರೆ ಈ ಒಳಗಿನ ತಡೆಯನ್ನೂ, ತುಕ್ಕು ಹಿಡಿದ ಪಿಸ್ಟನ್ನನ್ನೂ ಸಂಶಯಿಸಬೇಕು. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜದಲ್ಲಿ ಎಣ್ಣೆಯಲ್ಲ, ಗ್ಲೈಕಾಲ್ ಆಧಾರಿತ ದ್ರವ. ಅದು ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಹೀರಿದ ಮೇಲೆ ಈ ಮಿತಿ 155ಕ್ಕೆ ಇಳಿಯಬಹುದು. ಚಾರ್ಮಾಡಿಯಂಥ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿಗೆ ದ್ರವ ಕುದಿದು ಆವಿಯಾಗಿ, ಹಿಡಿ ಒಮ್ಮೆಲೇ ಸತ್ವ ಕಳೆದುಕೊಳ್ಳುವ ಅಪಾಯವಿದೆ.

ಆದ್ದರಿಂದಲೇ ಹಲವು ತಯಾರಕರು ದ್ರವವನ್ನು ಎರಡು ವರ್ಷಕ್ಕೊಮ್ಮೆ, ಹೋಸನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲು ಸೂಚಿಸುತ್ತಾರೆ. ಹೋಸು ಬದಲಿಸುವಾಗ ಎರಡೂ ತುದಿಯ ತಾಮ್ರದ ವಾಷರುಗಳು ಹೊಸವೇ ಆಗಬೇಕು. ಮಾಸ್ಟರ್ ಸಿಲಿಂಡರ್ ಮತ್ತು ಕ್ಯಾಲಿಪರ್ ಬಿಚ್ಚಿದ ಮೇಲೆ ಸೀಲುಗಳನ್ನೂ ಬದಲಿಸಬೇಕು. ಅವನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು, ರಬ್ಬರ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ದ್ರವವನ್ನೇ ಸವರಿ ಕೂರಿಸಬೇಕು. ಪಿಸ್ಟನ್ನಿನ ಮೇಲೆ ತುಕ್ಕಿನ ಗುಳಿಗಳಿದ್ದರೆ ಉಜ್ಜಿ ಉಳಿಸಿಕೊಳ್ಳುವ ಆಸೆ ಬೇಡ. ಅಂಗಡಿಯಲ್ಲಿ ಹೊಳೆಯುವ ನಕಲಿ ಬಿಡಿಭಾಗ ಅಗ್ಗಕ್ಕೆ ಸಿಕ್ಕಾಗ ರುವಾಂನ ಗಡಿಯಾರ ತಯಾರಕ ನೆನಪಾದರೆ ಒಳ್ಳೆಯದು.

ಕೊನೆಗೆ ಗಾಳಿ ತೆಗೆಯುವ ಕೆಲಸ. ಹಿಡಿಯನ್ನು ಒತ್ತಿಹಿಡಿದು ಕ್ಯಾಲಿಪರಿನ ನಿಪ್ಪಲ್ ಸಡಿಲಿಸುವುದು, ದ್ರವದೊಡನೆ ಗುಳ್ಳೆ ಹೊರಬಂದೊಡನೆ ಬಿಗಿ ಮಾಡುವುದು, ಆಮೇಲಷ್ಟೇ ಹಿಡಿ ಬಿಡುವುದು. ಗುಳ್ಳೆ ನಿಲ್ಲುವವರೆಗೂ ಇದೇ ಆವರ್ತನೆ. ಮೇಲಿನ ಡಬ್ಬಿ ಒಮ್ಮೆಯೂ ಬರಿದಾಗಕೂಡದು. ಪೇಂಟಿನ ಮೇಲೆ ಚೆಲ್ಲಿದ ದ್ರವವನ್ನು ಕೂಡಲೇ ನೀರಿನಿಂದ ತೊಳೆಯಬೇಕು. ಹಳೆಯ ಡ್ರಮ್ ಬ್ರೇಕ್ ಬಿಚ್ಚುವವರು ಶೂಗಳ ಧೂಳನ್ನು ಊದಬಾರದು, ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಕೈ ಪಳಗದವರು ಈ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು. ಯಾರೇ ಮಾಡಿದರೂ ಮೊದಲ ಪರೀಕ್ಷೆ ಸಮತಟ್ಟಾದ ಜಾಗದಲ್ಲಿ, ನಿಧಾನ ವೇಗದಲ್ಲಿ ನಡೆಯಲಿ.

ಐದು ಸೋಲಿನ ಬಂಡಿ

ಇತ್ತ ಪಾಸ್ಕಲನ ಬದುಕು ಬೇರೆಯೇ ತಿರುವು ಪಡೆದಿತ್ತು. ತಂದೆ 1651ರಲ್ಲಿ ತೀರಿಕೊಂಡ. ತಂಗಿ ಜಾಕ್ಲಿನ್ ಮರುವರ್ಷ ಪೋರ್ ರೊಯಾಲ್ ಮಠ ಸೇರಿ ಸನ್ಯಾಸಿನಿಯಾದಳು. 1654ರಲ್ಲಿ ಗಣಿತಜ್ಞ ಫೆರ್ಮಾನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತಕ್ಕೆ ಬುನಾದಿ ಬಿತ್ತು. ಅದೇ ವರ್ಷದ ನವೆಂಬರ್ 23ರ ರಾತ್ರಿ ಆತನಿಗೆ ತೀವ್ರವಾದ ದೈವಾನುಭವವಾಯಿತು. ಅದನ್ನು ಬರೆದಿಟ್ಟುಕೊಂಡು ಅಂಗಿಯೊಳಗೆ ಹೊಲಿದುಕೊಂಡಿದ್ದುದು ತಿಳಿದದ್ದು ಸತ್ತ ಮೇಲೆಯೇ. ಅನಂತರ ಆತನ ಬರವಣಿಗೆ ಬಹುಮಟ್ಟಿಗೆ ಧರ್ಮಚಿಂತನೆಯತ್ತ ಹೊರಳಿತು. ತಲೆನೋವು, ಹೊಟ್ಟೆನೋವು ತಾರುಣ್ಯದಿಂದಲೂ ಬೆನ್ನುಬಿಡದ ಸಂಗಾತಿಗಳು.

ಅಂಥ ಸ್ಥಿತಿಯಲ್ಲಿಯೂ ಆತ ಕೈಗೊಂಡ ಕಡೆಯ ಕಾರ್ಯ ರಸ್ತೆಗೆ ಸಂಬಂಧಿಸಿದ್ದೆಂಬುದು ಗಮನಾರ್ಹ. ಸ್ವಂತ ಬಂಡಿಯಿಲ್ಲದವರೂ ಐದು ಸೋಲ್ ನಾಣ್ಯ ಕೊಟ್ಟು, ಗೊತ್ತಾದ ಹೊತ್ತಿಗೆ, ಗೊತ್ತಾದ ದಾರಿಯಲ್ಲಿ ಪಯಣಿಸುವ ಕುದುರೆ ಬಂಡಿಗಳ ವ್ಯವಸ್ಥೆಯನ್ನು ಆತ ಗೆಳೆಯರೊಡಗೂಡಿ ರೂಪಿಸಿದ. ಅದು ಪ್ಯಾರಿಸ್ಸಿನಲ್ಲಿ ಆರಂಭವಾದದ್ದು 1662ರ ಮಾರ್ಚ್ 18ರಂದು. ಇಂದಿನ ನಗರ ಸಾರಿಗೆ ಬಸ್ಸಿನ ಮೂಲರೂಪ ಇದೇ. ಅದರಿಂದ ಬರುವ ತನ್ನ ಪಾಲಿನ ಹಣವನ್ನು ಬ್ಲುವಾ ಸೀಮೆಯ ಬಡವರಿಗೆ ಕಳುಹಿಸುವುದು ಆತನ ಇಚ್ಛೆಯಾಗಿತ್ತು.

ಆ ಬೇಸಿಗೆಯಲ್ಲಿ, ತನ್ನ ಮನೆಯಲ್ಲಿ ಆಶ್ರಯ ಪಡೆದಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ತಗುಲಿತು. ಕಾಯಿಲೆಯ ಮಗುವನ್ನು ಕದಲಿಸುವುದು ಅಪಾಯವೆಂದು, ತಾನೇ ರೋಗಿಯಾಗಿದ್ದ ಪಾಸ್ಕಲ್ ಮನೆಯನ್ನು ಅವರಿಗೆ ಬಿಟ್ಟು ಅಕ್ಕನ ಮನೆಗೆ ಹೋದ. 1662ರ ಆಗಸ್ಟ್ 19ರಂದು ಅಲ್ಲಿಯೇ ಕೊನೆಯುಸಿರೆಳೆದ. ಆಗ ಆತನಿಗೆ ಮೂವತ್ತೊಂಬತ್ತು ವರ್ಷ.

ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ 1971ರಲ್ಲಿ ಪಾಸ್ಕಲನ ಹೆಸರನ್ನಿಡಲಾಯಿತು. ಆದರೆ ಆತನ ನಿಜವಾದ ಸ್ಮಾರಕ ಡಿಸ್ಕ್ ಬ್ರೇಕ್ ಇರುವ ಪ್ರತಿ ಮೋಟಾರ್ ಸೈಕಲ್ಲಿನ ಹಿಡಿಯಿಂದ ಚಕ್ರದವರೆಗೆ ಇಳಿದಿರುವ ಬೆರಳುಗಾತ್ರದ ಕೊಳವೆಯಲ್ಲಿದೆ. ನಿಯಮ ಎಂದೂ ತಪ್ಪುವುದಿಲ್ಲ; ಸೋರದಂತೆ, ಗಾಳಿ ಸೇರದಂತೆ ಕೊಳವೆಯನ್ನು ಕಾಯುವ ಹೊಣೆ ಮಾತ್ರ ಸವಾರನದು. ಮುಂಗಾರಿಗೆ ಮುನ್ನ ಮನೆಯ ಹೆಂಚು ಸರಿಪಡಿಸುವ ಮಲೆನಾಡಿಗರು, ಅದೇ ವಾರ ಗಾಡಿಯ ಬ್ರೇಕ್ ಹೋಸನ್ನೂ ಒಮ್ಮೆ ಬಾಗಿಸಿ ನೋಡುವುದು ಒಳಿತು.