ಕೋಗಿಲೆ ಕೊಟ್ಟ ಬಟ್ಟೆ ಗಂಟು

ಸರೋಜಿನಿ ನಾಯ್ಡು ಅಂದರೆ ಭಾರತದ ಕೋಗಿಲೆ ಅಂತ ಶಾಲೆ ಮಕ್ಕಳೂ ಹೇಳ್ತಾರೆ. ಆದರೆ ಈ ಕೋಗಿಲೆ ಗಾಂಧೀಜಿಯ ಪರಿಚಯವಾದ ಹೊಸತರಲ್ಲೇ ಅವರ ಮುಂದೆ ತಂದಿಟ್ಟದ್ದು ಪದ್ಯವಲ್ಲ, ಹೊಲಿಯಬೇಕಾದ ಬಟ್ಟೆಯ ರಾಶಿ! ಈ ಸಂಗತಿ ಎಷ್ಟು ಜನಕ್ಕೆ ಗೊತ್ತು?

ಆಕೆ ಹುಟ್ಟಿದ್ದು 1879ರ ಫೆಬ್ರವರಿ 13ರಂದು, ಹೈದರಾಬಾದಿನಲ್ಲಿ. ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಕಾಲೇಜು ಪ್ರಾಂಶುಪಾಲರು. ಮಗಳು 12ನೇ ವಯಸ್ಸಿಗೇ ಮದರಾಸಿನ ಮೆಟ್ರಿಕ್ ಪಾಸು. 16ಕ್ಕೆ ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ. ಮರಳಿ ಬಂದು 1898ರಲ್ಲಿ ಡಾ. ಗೋವಿಂದರಾಜುಲು ನಾಯ್ಡು ಅವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಆ ಕಾಲಕ್ಕೆ ಇದೇನು ಸಣ್ಣ ಮಾತೇ? 1905ರಲ್ಲಿ ಮೊದಲ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನೇ ಕೊಚ್ಚಿದಾಗ ಸಂತ್ರಸ್ತರ ನೆರವಿಗೆ ನಿಂತರು. ಸರ್ಕಾರ ಮೆಚ್ಚಿ ಕೈಸರ್-ಎ-ಹಿಂದ್ ಪದಕ ಕೊಟ್ಟಿತು.

1914ರ ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕಿಳಿಯಿತು. ಎರಡೇ ದಿನಕ್ಕೆ ದಕ್ಷಿಣ ಆಫ್ರಿಕದಿಂದ ಗಾಂಧಿ, ಕಸ್ತೂರಬಾ ಲಂಡನ್ ಸೇರಿದರು. ಅಲ್ಲೇ ಇದ್ದ ಸರೋಜಿನಿ ಹುಡುಕಿಕೊಂಡು ಹೋದರೆ, ಆ ಮನುಷ್ಯ ನೆಲದ ಮೇಲೆ ಕೂತು ಮರದ ಬಟ್ಟಲಲ್ಲಿ ಹಿಸುಕಿದ ಟೊಮೆಟೊ ತಿನ್ನುತ್ತಿದ್ದಾರೆ! ಸರೋಜಿನಿಗೆ ನಗು ತಡೆಯಲಾಗಲಿಲ್ಲ. ಸ್ನೇಹ ಶುರುವಾದದ್ದು ಹಾಗೆ.

ಲೈಸಿಯಂ ಅನ್ನೋ ಹೆಂಗಸರ ಕ್ಲಬ್ಬು ಆಗ ಸೈನಿಕರಿಗೆ ಬಟ್ಟೆ ಹೊಲಿದುಕೊಡುವ ಕೆಲಸ ವಹಿಸಿಕೊಂಡಿತ್ತು. ಸರೋಜಿನಿ ಅದರ ಸದಸ್ಯೆ. ಅಳತೆಗೆ ಕತ್ತರಿಸಿದ ಬಟ್ಟೆ ರಾಶಿಯನ್ನು ಗಾಂಧೀಜಿ ಮುಂದೆ ಹಾಕಿ, ಹೊಲಿಸಿ ತಂದುಕೊಡಿ ಅಂದುಬಿಟ್ಟರು. ಕತ್ತರಿ ಹಾಕೋದಕ್ಕೆ ಕಸುಬು ಬೇಕು. ನೇರ ಹೊಲಿಗೆಗೆ ಮನಸ್ಸಿದ್ದರೆ ಸಾಕು. ಟೈಲರ್ ಅಂಗಡಿಯವರನ್ನು ಕೇಳಿ, ಹೌದೆನ್ನುತ್ತಾರೆ. ಗಾಂಧೀಜಿ ಆಗ ಸುಮಾರು 80 ಭಾರತೀಯ ಸ್ವಯಂಸೇವಕರ ಜೊತೆ ಪ್ರಥಮ ಚಿಕಿತ್ಸೆ ಕಲಿಯುತ್ತಿದ್ದರು. ಅದರ ನಡುವೆಯೇ ಗೆಳೆಯರನ್ನು ಸೇರಿಸಿ, ಆದಷ್ಟು ಹೊಲಿಸಿ ಒಪ್ಪಿಸಿದರು.

ಕಷ್ಟದಲ್ಲಿ ಕೈಗೂಡಿಸಿದರೆ ಬ್ರಿಟಿಷರು ನ್ಯಾಯ ಕೊಟ್ಟಾರು ಅನ್ನುವ ನಂಬಿಕೆ ಇಬ್ಬರಿಗೂ ಆಗ ಇತ್ತು. 1919ರಲ್ಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತು. ನಂಬಿಕೆ ಅಲ್ಲಿಗೇ ಮುಗಿಯಿತು. ಸರೋಜಿನಿ ಪದಕ ವಾಪಸು ಕೊಟ್ಟರು. ದೊರೆಯ ಸಿಪಾಯಿಗಳಿಗೆ ಬಟ್ಟೆ ಒದಗಿಸಿದವರೇ ದೊರೆಯ ನಾಡಿನ ಬಟ್ಟೆ ಬೇಡ ಅಂತ ಊರೂರು ಸಾರಿದರು.

1924ರ ನಮ್ಮ ಬೆಳಗಾವಿ ಕಾಂಗ್ರೆಸ್ಸಿಗೆ ಗಾಂಧೀಜಿ ಅಧ್ಯಕ್ಷರು. ಮರುವರ್ಷ ಕಾನ್ಪುರದಲ್ಲಿ ಆ ಪೀಠ ಸರೋಜಿನಿಗೆ. ಅದನ್ನೇರಿದ ಮೊದಲ ಭಾರತೀಯ ಮಹಿಳೆ ಆಕೆ. 1930ರಲ್ಲಿ ಗಾಂಧೀಜಿ ಜೈಲು ಸೇರಿದಾಗ ಧಾರಾಸಣದ ಉಪ್ಪಿನ ಸತ್ಯಾಗ್ರಹಕ್ಕೆ ಮುಂದೆ ನಿಂತರು, ತಾವೂ ಜೈಲು ಕಂಡರು. ಇಷ್ಟೆಲ್ಲದರ ನಡುವೆಯೂ ಬಾಪೂಗೆ ಮಿಕ್ಕಿ ಮೌಸ್ ಅಂತ ಅಡ್ಡಹೆಸರಿಟ್ಟು ನಗಿಸುವ ಸಲಿಗೆ ಆಕೆಗಿತ್ತು!

ಸ್ವಾತಂತ್ರ್ಯ ಬಂದಾಗ ದೇಶದ ಮೊದಲ ಮಹಿಳಾ ರಾಜ್ಯಪಾಲರಾದರು. 1948ರ ಜನವರಿಯಲ್ಲಿ ಬಾಪೂ ಹೋದರು. 1949ರ ಮಾರ್ಚ್ 2ರಂದು ಲಖನೌದಲ್ಲಿ ಸರೋಜಿನಿಯೂ ಕಣ್ಮುಚ್ಚಿದರು.

ಲಂಡನ್ನಿನ ಆ ಬಟ್ಟೆಗಳು ಯಾವಾಗಲೋ ಹರಿದು ಚಿಂದಿಯಾಗಿರಬೇಕು. ಅವತ್ತು ಬಿದ್ದ ಸ್ನೇಹದ ಹೊಲಿಗೆ ಮಾತ್ರ 33 ವರ್ಷ ಬಿಚ್ಚಲಿಲ್ಲ.