ಆಟ ಕಲಿಸಿದ ಉಪಾಧ್ಯಾಯ – ಮೈಕೆಲ್ ಕ್ಯೂಸಾಕ್

ಓದುವ ಹುಡುಗ ಮೈದಾನಕ್ಕೆ ಇಳಿಯುವುದಿಲ್ಲ, ಮೈದಾನಕ್ಕೆ ಇಳಿದವನು ಓದುವುದಿಲ್ಲ ಎಂಬುದು ನಮ್ಮ ಹಳ್ಳಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಹತ್ತನೆಯ ತರಗತಿಗೆ ಬಂದ ವರ್ಷ ತಂದೆಯವರ ಅಪ್ಪಣೆಯಂತೆ ನಾನು ಕಬಡ್ಡಿಯನ್ನು ಬಿಟ್ಟೆ. ಪರೀಕ್ಷೆಯೇನೋ ಪಾಸಾಯಿತು, ಆದರೆ ಸಂಜೆಯ ಹೊತ್ತು ಗೆಳೆಯರ ಕೂಗು ಕಿವಿಗೆ ಬಿದ್ದಾಗಲೆಲ್ಲ ಏನನ್ನೋ ಕಳೆದುಕೊಂಡವನಂತೆ ಕಿಟಕಿಯ ಬಳಿ ನಿಲ್ಲುತ್ತಿದ್ದೆ. ಕಳೆದ ವರ್ಷ ಐರ್ಲೆಂಡಿನ ಇತಿಹಾಸವನ್ನು ಓದುವಾಗ ಒಬ್ಬ ಉಪಾಧ್ಯಾಯನ ಪರಿಚಯವಾಯಿತು. ಹುಡುಗರನ್ನು ಪರೀಕ್ಷೆಗೆ ಸಿದ್ಧಪಡಿಸುವುದೇ ಆತನ ಜೀವನೋಪಾಯ. ಹೆಸರು ಉಳಿದದ್ದು ಮಾತ್ರ ಆಟದ ಮೈದಾನದಲ್ಲಿ. ಆತನೇ ಮೈಕೆಲ್ ಕ್ಯೂಸಾಕ್. ಆತನ ಬಾಳಿನ ಕಥೆಯನ್ನು ನನ್ನ ಸಹಪಾಠಿಗಳಿಗೂ ಗುರುಹಿರಿಯರಿಗೂ ತಿಳಿಸಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕ್ಯೂಸಾಕನು 1847ನೆಯ ಇಸವಿಯಲ್ಲಿ ಐರ್ಲೆಂಡಿನ ಪಶ್ಚಿಮದ ಕ್ಲೇರ್ ಪ್ರಾಂತ್ಯದ ಕ್ಯಾರನ್ ಎಂಬಲ್ಲಿ ಹುಟ್ಟಿದನು. ಎಲ್ಲಿ ನೋಡಿದರೂ ಸುಣ್ಣದ ಕಲ್ಲಿನ ಹಾಸು. ನೆಲ ಬರಡು, ಜನ ಬಡವರು. ಅದೂ ಎಂತಹ ವರ್ಷ! ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ದೇಶವೆಲ್ಲ ಹಸಿವಿನಿಂದ ನರಳುತ್ತಿದ್ದ ಕಾಲ. ಆ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಇನ್ನೂ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಹಳ್ಳಿಗಳು ಬರಿದಾದವು. ಹಳ್ಳಿಗಳೊಡನೆ ಅವುಗಳ ಆಟಗಳೂ ಕ್ಷೀಣಿಸಿದವು.

ಆ ಆಟಗಳಲ್ಲಿ ಮುಖ್ಯವಾದದ್ದು ಹರ್ಲಿಂಗ್. ನಮ್ಮ ಹಾಕಿಯನ್ನು ಕಂಡವರಿಗೆ ಇದು ಅದರ ಅಣ್ಣನಂತೆ ತೋರಬಹುದು. ತುದಿ ಅಗಲವಾಗಿ ಬಾಗಿದ ಮರದ ಕೋಲು, ತೊಗಲಿನ ಸಣ್ಣ ಚೆಂಡು. ಆದರೆ ಚೆಂಡು ನೆಲದ ಮೇಲೆಯೇ ಉರುಳಬೇಕೆಂಬ ಕಟ್ಟಳೆ ಇಲ್ಲ; ಕೈಯಲ್ಲಿ ಹಿಡಿಯಬಹುದು, ಗಾಳಿಯಲ್ಲಿಯೇ ಬಾರಿಸಬಹುದು. ನೋಡುವವರ ಎದೆ ನಡುಗಿಸುವಷ್ಟು ವೇಗದ ಆಟ.

ಮನೆಯಲ್ಲಿ ಐರಿಷ್ ನುಡಿಯನ್ನಾಡುತ್ತ ಬೆಳೆದ ಕ್ಯೂಸಾಕನು ಓದಿನಲ್ಲಿ ಮುಂದೆ ಬಂದು ಉಪಾಧ್ಯಾಯನಾದನು. ಹಲವು ಊರುಗಳ ವಿದ್ಯಾಲಯಗಳಲ್ಲಿ ಪಾಠ ಹೇಳಿ, 1877ರಲ್ಲಿ ಡಬ್ಲಿನ್ ನಗರದಲ್ಲಿ ತನ್ನದೇ ಒಂದು ಶಿಕ್ಷಣಾಲಯವನ್ನು ತೆರೆದನು. ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ, ಪೊಲೀಸ್ ಹುದ್ದೆಗಳಿಗೆ ಯುವಕರನ್ನು ತಯಾರು ಮಾಡುವುದು ಅದರ ಕೆಲಸ. ನಮ್ಮ ಊರುಗಳಲ್ಲಿ ಬೀದಿಬೀದಿಗೂ ಕಾಣುವ ಕೋಚಿಂಗ್ ಕ್ಲಾಸುಗಳಂಥದೇ ಅದು. ವ್ಯತ್ಯಾಸವೆಂದರೆ, ಪುಸ್ತಕ ಮುಚ್ಚಿದ ಮೇಲೆ ಈ ಉಪಾಧ್ಯಾಯನು ಹುಡುಗರನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದನು. ಗುಂಡೆಸೆತದಲ್ಲಿ ಹೆಸರು ಪಡೆದ ದೃಢಕಾಯ ಆತ. ಮೊದಲು ಶಿಕ್ಷಣಾಲಯದ ರಗ್ಬಿ ತಂಡವನ್ನು ತಾನೇ ತರಬೇತುಗೊಳಿಸಿ, ಹುಡುಗರ ನಡುವೆ ತಾನೂ ಒಬ್ಬನಾಗಿ ಆಡಿದನು.

ಆದರೆ ಒಂದು ಸಂಗತಿ ಆತನನ್ನು ಕೊರೆಯುತ್ತಿತ್ತು. ಅಂದಿನ ಐರ್ಲೆಂಡಿನ ಕ್ರೀಡಾಕೂಟಗಳು ಬಹುಮಟ್ಟಿಗೆ ದೊಡ್ಡ ಮನುಷ್ಯರ ಸ್ವತ್ತಾಗಿದ್ದವು. ಕೂಲಿಕಾರನಿಗೂ ಕುಶಲಕರ್ಮಿಗೂ ಅಲ್ಲಿ ಬಾಗಿಲು ಮುಚ್ಚಿತ್ತು. ಜನಸಾಮಾನ್ಯರ ಆಟವಾದ ಹರ್ಲಿಂಗ್ ನಗರದಲ್ಲಿ ಅಪರೂಪವಾಗಿತ್ತು. 1883ರಲ್ಲಿ ಕ್ಯೂಸಾಕನು ತನ್ನ ವಿದ್ಯಾರ್ಥಿಗಳ ಕೈಗೆ ಆ ಕೋಲನ್ನು ಕೊಟ್ಟನು. ಫೀನಿಕ್ಸ್ ಪಾರ್ಕಿನ ಹುಲ್ಲುಗಾವಲಿನಲ್ಲಿ ಅಭ್ಯಾಸ ನಡೆಯಿತು. ಅದರಿಂದಲೇ ಮೆಟ್ರೊಪಾಲಿಟನ್ ಎಂಬ ಸಂಘ ಹುಟ್ಟಿತು.

1884ರ ಈಸ್ಟರ್ ಸೋಮವಾರ ಈ ತಂಡವು ಗಾಲ್ವೇ ಪ್ರಾಂತ್ಯದ ಬ್ಯಾಲಿನಸ್ಲೋ ಎಂಬಲ್ಲಿ ಕಿಲ್ಲಿಮೋರ್ ಹಳ್ಳಿಯವರೊಡನೆ ಆಡಿತು. ಪಟ್ಟಣದವರ ಕಟ್ಟಳೆ ಒಂದು, ಹಳ್ಳಿಯವರ ಕಟ್ಟಳೆ ಇನ್ನೊಂದು. ಆಟ ಮತ್ತೆ ಮತ್ತೆ ನಿಂತಿತು. ಬೇರೊಬ್ಬನಾಗಿದ್ದರೆ ಹಳ್ಳಿಯವರನ್ನು ಬೈದು ರೈಲು ಹತ್ತುತ್ತಿದ್ದನೇನೋ. ಕ್ಯೂಸಾಕನು ಪಾಠವೊಂದನ್ನು ಕಲಿತು ಹಿಂದಿರುಗಿದನು: ದೇಶಕ್ಕೆಲ್ಲ ಒಂದೇ ನಿಯಮಾವಳಿ ಇಲ್ಲದೆ ಹೊಸ ಪೀಳಿಗೆಗೆ ಈ ಆಟವನ್ನು ಕಲಿಸುವುದು ಸಾಧ್ಯವಿಲ್ಲ. ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಲೇಖನ ಬರೆದು ಜನರನ್ನು ಎಚ್ಚರಿಸಿದನು. ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಸಭೆ ಸೇರಿತು. ಬಂದವರು ಬೆರಳೆಣಿಕೆಯ ಮಂದಿ. ಅಲ್ಲಿಯೇ ಗೇಲಿಕ್ ಅಥ್ಲೆಟಿಕ್ ಸಂಘದ ಜನನ. ಹೆಸರಾಂತ ಕ್ರೀಡಾಪಟು ಮಾರಿಸ್ ಡೇವಿನ್ ಅಧ್ಯಕ್ಷನಾದನು. ಕಾರ್ಯದರ್ಶಿಗಳಲ್ಲಿ ಒಬ್ಬನು ಕ್ಯೂಸಾಕ್. ಕೆಲವೇ ತಿಂಗಳುಗಳಲ್ಲಿ ಊರೂರಿನಲ್ಲಿ ಸಂಘಗಳು ತಲೆಯೆತ್ತಿದವು. ಭಾನುವಾರದ ಬಿಡುವಿನಲ್ಲಿ ದುಡಿಯುವ ಜನ ಮೈದಾನ ತುಂಬಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಜೀವನಚರಿತ್ರೆಯಾಗದು. ಕ್ಯೂಸಾಕನು ಮಹಾ ಮುಂಗೋಪಿ. ಬಂದ ಪತ್ರಗಳಿಗೆ ಉತ್ತರ ಬರೆಯುತ್ತಿರಲಿಲ್ಲ, ಲೆಕ್ಕಪತ್ರ ಅಸ್ತವ್ಯಸ್ತ, ಸಂಘದ ಪೋಷಕನಾದ ಆರ್ಚ್‌ಬಿಷಪ್ ಕ್ರೋಕ್ ಅವರೊಡನೆಯೂ ಜಗಳವಾಡಿದನು. 1886ರ ಜುಲೈನಲ್ಲಿ, ಎಂದರೆ ಎರಡು ವರ್ಷವೂ ತುಂಬುವ ಮೊದಲೇ, ತಾನು ಕಟ್ಟಿದ ಸಂಘದ ಕಾರ್ಯದರ್ಶಿ ಸ್ಥಾನವನ್ನು ಕಳೆದುಕೊಂಡನು. 1887ರಲ್ಲಿ ಸೆಲ್ಟಿಕ್ ಟೈಮ್ಸ್ ಎಂಬ ವಾರಪತ್ರಿಕೆಯನ್ನು ಹೊರಡಿಸಿದನು. ಅದೂ ಒಂದು ವರ್ಷದಲ್ಲಿ ನಿಂತಿತು. 1890ರಲ್ಲಿ ಹೆಂಡತಿ ತೀರಿಕೊಂಡಳು, ಸಂಸಾರ ಚದುರಿತು. 1906ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಆತನು ಕಣ್ಮುಚ್ಚಿದಾಗ ವಯಸ್ಸು 59. ಜೇಮ್ಸ್ ಜಾಯ್ಸ್ ತನ್ನ ಯೂಲಿಸಿಸ್ ಕಾದಂಬರಿಯಲ್ಲಿ ಚಿತ್ರಿಸಿದ ಒರಟು ಮಾತಿನ ದೇಶಾಭಿಮಾನಿಗೆ ಆತನೇ ಮಾದರಿಯೆಂದು ವಿದ್ವಾಂಸರು ಹೇಳುತ್ತಾರೆ.

ವಿಧಿಯ ಇನ್ನೊಂದು ವಿನೋದವನ್ನೂ ಹೇಳಬೇಕು. ಪೊಲೀಸ್ ಹುದ್ದೆಗೆ ಹುಡುಗರನ್ನು ತಯಾರು ಮಾಡುತ್ತಿದ್ದವನ ಸಂಘವೇ, ಆಳುವ ಬ್ರಿಟಿಷರ ಮೇಲಿನ ರೋಷದಿಂದ, ಮುಂದೆ ಅವರ ಪೊಲೀಸರಿಗೆ ಸದಸ್ಯತ್ವವನ್ನು ನಿರಾಕರಿಸಿತು. ಆ ನಿಯಮ ಪೂರ್ತಿ ರದ್ದಾದದ್ದು 2001ರಲ್ಲಿ.

ಮನುಷ್ಯ ಹೋದರೂ ಆತ ಬಿತ್ತಿದ ಬೀಜ ಉಳಿಯಿತು. 1911ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗಾಗಿ ಗೇಲಿಕ್ ಫುಟ್‌ಬಾಲಿನ ಸಿಗರ್ಸನ್ ಕಪ್, 1912ರಲ್ಲಿ ಹರ್ಲಿಂಗಿನ ಫಿಟ್ಜ್‌ಗಿಬ್ಬನ್ ಕಪ್ ಆರಂಭವಾದವು. 1928ರಲ್ಲಿ 18 ವರ್ಷದೊಳಗಿನವರಿಗೆ ಹರ್ಲಿಂಗಿನ ರಾಷ್ಟ್ರೀಯ ಪಂದ್ಯಾವಳಿ ಮೊದಲಾಯಿತು. ಎಳೆಯರಿಗೆ ಅಲ್ಲಿ ಈಗ ಒಂದು ಒಳ್ಳೆಯ ಪದ್ಧತಿ ಇದೆ: 12 ವರ್ಷದೊಳಗಿನ ಆಟಗಳಲ್ಲಿ ಬಂದ ಪ್ರತಿಯೊಂದು ಮಗುವಿಗೂ ಆಡುವ ಅವಕಾಶ ಸಿಗಬೇಕು, ಯಾರೂ ಗೆರೆಯಾಚೆ ಕುಳಿತು ನೋಡುತ್ತಿರಬಾರದು. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,000ಕ್ಕೂ ಹೆಚ್ಚು ಜನರ ಮುಂದೆ ಆಡುವ ವೀರರೂ ಸಂಬಳದ ಆಟಗಾರರಲ್ಲ. ಅವರಲ್ಲಿ ಶಾಲೆಗಳ ಉಪಾಧ್ಯಾಯರು ಅನೇಕರು. ಆ ಕ್ರೀಡಾಂಗಣದ ಒಂದು ಪಾರ್ಶ್ವಕ್ಕೆ ಕ್ಯೂಸಾಕನ ಹೆಸರಿದೆ.

ಈತನ ಚರಿತ್ರೆಯನ್ನು ಓದಿದ ಮೇಲೆ ನಾನು ನಮ್ಮ ಕಾಲೇಜಿನ ಕಬಡ್ಡಿ ತಂಡಕ್ಕೆ ಹೆಸರು ಕೊಟ್ಟೆ. ಆಯ್ಕೆಯಾಗಲಿಲ್ಲ, ನಾಲ್ಕು ವರ್ಷ ಬಿಟ್ಟ ಆಟ ಕಾಲಿಗೆ ಅಷ್ಟು ಸುಲಭವಾಗಿ ಹಿಂದಿರುಗುವುದಿಲ್ಲ. ಆದರೂ ಭಾನುವಾರ ಊರಿಗೆ ಹೋದಾಗ ನಮ್ಮ ಕೇರಿಯ ಹುಡುಗರನ್ನು ಸೇರಿಸಿ ಕಲಿಸುತ್ತಿದ್ದೇನೆ. ಬಂದವರಿಗೆಲ್ಲ ಆಟ ಉಂಟು. ಚಂದಾ ಎತ್ತಿದ ಹಣದ ಲೆಕ್ಕವನ್ನು ಮಾತ್ರ ತಪ್ಪದೆ ಬರೆದಿಡುತ್ತೇನೆ. ಆ ವಿಷಯದಲ್ಲಿ ಕ್ಯೂಸಾಕನು ನನಗೆ ಗುರುವಲ್ಲ. ಕತ್ತಲಾಗುತ್ತಲೇ ಅದೇ ಹುಡುಗರು ನಮ್ಮ ಜಗುಲಿಯ ಮೇಲೆ ಪುಸ್ತಕ ಹಿಡಿದು ಕೂಡುತ್ತಾರೆ. ಕಳೆದ ವಾರ ತಂದೆಯವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ, ಒಳಗಿನಿಂದ ಇನ್ನೊಂದು ಚಾಪೆಯನ್ನು ತಂದು ಹಾಸಿದರು.